ಹದಿಮೂರನೇ ನಂಬರಿನ ಸೆಂಟರ್: ಅನಿತಾ ಗೊರ್ಬಿಟ್ಸ್ ಯಾಕೆ ಅಷ್ಟು ದೊಡ್ಡ ಹೆಸರು?

ಪ್ರಶ್ನೆ: ಸರ್, ನನ್ನ ಮಗಳು ಒಂಬತ್ತನೇ ಕ್ಲಾಸು. ಶಾಲೆಯ ಹ್ಯಾಂಡ್‌ಬಾಲ್ ತಂಡದಲ್ಲಿ ಸೆಂಟರ್ ಆಡುತ್ತಾಳೆ. ಮೊಬೈಲಿನಲ್ಲಿ ಹಂಗೇರಿಯ ಅನಿತಾ ಗೊರ್ಬಿಟ್ಸ್ ಆಟ ನೋಡಿ ನೋಡಿ ಹುಚ್ಚು ಹಿಡಿಸಿಕೊಂಡಿದ್ದಾಳೆ. ಯಾರಪ್ಪಾ ಇವರು ಅಂತ ನಾನೂ ಸ್ವಲ್ಪ ಓದಿದೆ. ಒಲಿಂಪಿಕ್ಸ್ ಪದಕ ಇಲ್ಲ. ವಿಶ್ವ ಚಾಂಪಿಯನ್‌ಷಿಪ್ ಗೆದ್ದಿಲ್ಲ. ಕೊನೆಯವರೆಗೂ ಒಂದೇ ಕ್ಲಬ್ಬು. ಆದರೂ ಎಲ್ಲರೂ ಇವರನ್ನು ಹಾಡಿ ಹೊಗಳುತ್ತಾರಲ್ಲ, ಯಾಕೆ? ಬೇರೆ ದೊಡ್ಡ ಕ್ಲಬ್ಬುಗಳು ಕರೆಯಲಿಲ್ಲವೇ? ಇನ್ನೊಂದು ವಿಷಯ. ಮಗಳು ಮ್ಯಾಚಿಗೆ ಎರಡೋ ಮೂರೋ ಗೋಲು ಹೊಡೆಯುತ್ತಾಳೆ ಅಷ್ಟೆ. ವಿಂಗ್‌ಗೆ ಹಾಕಿದರೆ ಜಾಸ್ತಿ ಗೋಲು ಬರುತ್ತೆ ಅಂತ ಪಿ.ಟಿ. ಮೇಷ್ಟ್ರು ಹೇಳುತ್ತಿದ್ದಾರೆ. ಹಾಕಿಸಬಹುದೇ? ಅವಳಿಗೆ 13ನೇ ನಂಬರಿನ ಜೆರ್ಸಿಯೇ ಬೇಕಂತೆ. ನಮ್ಮ ಅತ್ತೆಗೆ ಆ ಸಂಖ್ಯೆ ಕೇಳಿದರೇ ಆಗುವುದಿಲ್ಲ. — ದಾವಣಗೆರೆಯ ಓದುಗರೊಬ್ಬರು

ಉತ್ತರ: ನಿಮ್ಮ ಲೆಕ್ಕ ತಪ್ಪಿಲ್ಲ. ಅನಿತಾ ಅವರ ಹತ್ತಿರ ಒಲಿಂಪಿಕ್ಸ್ ಪದಕ ಇಲ್ಲ. ದೇಶದ ಜೆರ್ಸಿಯಲ್ಲಿ ಗೆದ್ದ ದೊಡ್ಡ ಚಿನ್ನವೂ ಇಲ್ಲ. ಆದರೆ ನೀವು ಓದಿದ್ದು ಅರ್ಧ ಪುಟ.

ನಾವು ಕ್ರಿಕೆಟ್ ನೋಡಿ ಬೆಳೆದವರು. ದೇಶಕ್ಕೆ ಆಡಿದ್ದೇ ಆಟ, ಉಳಿದದ್ದೆಲ್ಲ ಅದರ ತಯಾರಿ ಅಂದುಕೊಂಡಿರುತ್ತೇವೆ. ಯುರೋಪಿನ ಹ್ಯಾಂಡ್‌ಬಾಲ್ ಹಾಗಿಲ್ಲ. ವರ್ಷದ ಹೆಚ್ಚಿನ ತಿಂಗಳು ಆಡುವುದು ಕ್ಲಬ್ಬಿಗೆ. ಸಂಬಳ, ಮನೆ, ಗೆಳತಿಯರು, ಬೈಯುವ ಕೋಚ್, ಕೂಗುವ ಜನ, ಎಲ್ಲ ಅಲ್ಲೇ. ದೇಶದ ತಂಡ ಆಗಾಗ ಕೆಲವು ವಾರ ಒಟ್ಟಿಗೆ ಸೇರುತ್ತದೆ, ಟೂರ್ನಿ ಆಡುತ್ತದೆ, ಚದುರಿ ಹೋಗುತ್ತದೆ. ಹೀಗಾಗಿ ಒಬ್ಬಳೇ ಆಟಗಾರ್ತಿಗೆ ಎರಡು ಬದುಕು. ಅನಿತಾ ವಿಷಯದಲ್ಲಿ ಈ ಎರಡೂ ಉಲ್ಟಾ ದಿಕ್ಕಿನಲ್ಲಿ ನಡೆದವು. ದೇಶದ ಪದಕಗಳು ಬಹುತೇಕ ಇಪ್ಪತ್ತಮೂರು ತುಂಬುವುದರೊಳಗೇ ಬಂದವು, ಆಮೇಲೆ ಕಡಿಮೆಯಾದವು. ಕ್ಲಬ್ಬಿನಲ್ಲಿ ವರ್ಷಗಟ್ಟಲೆ ಫೈನಲ್ ಸೋತು ಸೋತು, ಮೂವತ್ತು ತುಂಬುವ ಹೊತ್ತಿಗೆ ಯುರೋಪಿನ ದೊಡ್ಡ ಕಪ್ ಕೈಗೆ ಬಂತು. ಬಂದ ಮೇಲೆ ನಿಲ್ಲಲಿಲ್ಲ.

ಹೆಸರಿನಿಂದ ಶುರು ಮಾಡೋಣ. ಅವರ ಊರಿನಲ್ಲಿ ಗೊರ್ಬಿಟ್ಸ್ ಅನಿತಾ ಅನ್ನುತ್ತಾರೆ. ಹಂಗೇರಿಯವರು ಮನೆತನದ ಹೆಸರು ಮೊದಲು ಹೇಳಿ, ಆಮೇಲೆ ಸ್ವಂತ ಹೆಸರು ಹೇಳುತ್ತಾರೆ. ನಮ್ಮ ಹಳೇ ಮೈಸೂರು ಕಡೆ ಇನಿಷಿಯಲ್ ಮುಂದೆ, ಹೆಸರು ಹಿಂದೆ ಬರುತ್ತದಲ್ಲ, ಸುಮಾರು ಹಾಗೇ. ಇಂಗ್ಲಿಷ್ ಕಾಮೆಂಟರಿಯಲ್ಲಿ ಅದನ್ನು ತಿರುಗಿಸಿ ಹೇಳುತ್ತಾರೆ. ನಿಮ್ಮ ಮಗಳು ಹಂಗೇರಿಯವರ ವಿಡಿಯೊ ಹುಡುಕುವಾಗ ಇದು ಉಪಯೋಗಕ್ಕೆ ಬರುತ್ತದೆ.

ಹುಟ್ಟಿದ್ದು 1983ರ ಮೇ 13, ವೆಸ್‌ಪ್ರೇಮ್ ಎಂಬ ಊರಲ್ಲಿ. ಪುರುಷರ ಹ್ಯಾಂಡ್‌ಬಾಲ್‌ಗೆ ಹೆಸರಾದ ಊರು ಅದು. 1997ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಜ್ಯೋರ್ ಎಂಬ ಊರಿನ ಕ್ಲಬ್ ಸೇರಿದರು. ಅಂದರೆ ಹೆಚ್ಚು ಕಡಿಮೆ ನಿಮ್ಮ ಮಗಳ ವಯಸ್ಸು. (ಆ ಊರಿನ ಹೆಸರಿನ ಮೊದಲ ಅಕ್ಷರ 'ದ್ಯ' ಮತ್ತು 'ಜ್ಯ' ನಡುವೆ ಎಲ್ಲೋ ಇದೆ. ನನ್ನ ನಾಲಿಗೆಗೆ ಇಂದಿಗೂ ಸರಿಯಾಗಿ ಹೊರಳಿಲ್ಲ.) ಜ್ಯೋರ್ ಇರುವುದು ಬುಡಾಪೆಸ್ಟ್ ಮತ್ತು ವಿಯೆನ್ನಾ ನಡುವಿನ ದಾರಿಯಲ್ಲಿ. ನದಿಗಳು ಕೂಡುವ ಊರು, ಕಾರ್ಖಾನೆಗಳ ಊರು. ಮೊದಲು ರೈಲು ಬೋಗಿ ಕಟ್ಟುತ್ತಿದ್ದರು, 1990ರ ದಶಕದಿಂದ ಆಡಿ ಕಾರಿನ ಕಂಪನಿ ಬಂದು ಕೂತಿದೆ. ಕ್ಲಬ್ಬಿನ ಹೆಸರಿನಲ್ಲೂ ಆಡಿ ಸೇರಿಕೊಂಡಿತು. 2021ರಲ್ಲಿ ಆಟ ನಿಲ್ಲಿಸುವವರೆಗೆ ಅನಿತಾ ಬೇರೆ ಯಾವ ಕ್ಲಬ್ಬಿನ ಜೆರ್ಸಿಯನ್ನೂ ಹಾಕಲಿಲ್ಲ. 24 ವರ್ಷ.

ಇನ್ನು ಸೆಂಟರ್ ಅಂದರೆ ಏನು ಅನ್ನುವುದಕ್ಕೆ ಬರುತ್ತೇನೆ. ನಿಮ್ಮ ಮೂರೂ ಪ್ರಶ್ನೆಗಳ ಗಂಟು ಇರುವುದು ಇಲ್ಲೇ.

ಅಂಗಣ 40 ಮೀಟರ್ ಉದ್ದ, 20 ಮೀಟರ್ ಅಗಲ. ಗೋಲ್ ಮುಂದೆ 6 ಮೀಟರಿನ ಗೆರೆ, ನಮ್ಮ ಹುಡುಗರು 'ಡಿ' ಅನ್ನುವುದು ಅದನ್ನೇ. ಅದರೊಳಗೆ ಗೋಲ್‌ಕೀಪರ್ ಬಿಟ್ಟು ಬೇರೆಯವರು ಕಾಲಿಡುವ ಹಾಗಿಲ್ಲ. ಆ ಗೆರೆಯ ಮುಂದೆ ಎದುರಾಳಿಯ ಆರು ಜನ ಬೇಲಿ ಹಾಕಿದ ಹಾಗೆ ಕೈ ಎತ್ತಿ ನಿಂತಿರುತ್ತಾರೆ. ದಾಳಿ ಮಾಡುವ ತಂಡದ ಇಬ್ಬರು ಎರಡು ಮೂಲೆಯ ವಿಂಗ್‌ನಲ್ಲಿ, ಒಬ್ಬಳು ಆ ಬೇಲಿಯ ನಡುವೆಯೇ ನುಗ್ಗಿ ನಿಂತ ಪಿವಟ್, ಉಳಿದ ಮೂವರು ಹಿಂದೆ. ಆ ಮೂವರಲ್ಲಿ ನಡುವಿನವಳೇ ಸೆಂಟರ್. ಚೆಂಡು ಹಿಡಿದು ಮೂರು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ, ಮೂರು ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸುಮ್ನೆ ಚೆಂಡು ಆಚೆ ಈಚೆ ದಾಟಿಸುತ್ತಿದ್ದರೆ ರೆಫರಿ ಕೈ ಎತ್ತಿ ಎಚ್ಚರಿಸುತ್ತಾರೆ, ಆಮೇಲೆ ಚೆಂಡೇ ಹೋಗುತ್ತದೆ. ಇಷ್ಟರೊಳಗೆ ಎಲ್ಲಿ ಸಂದು ಮಾಡಬೇಕು, ಯಾರನ್ನು ಓಡಿಸಬೇಕು, ಯಾರ ಕೈಗೆ ಕೊಡಬೇಕು ಅಂತ ತೀರ್ಮಾನ ಮಾಡುವವಳು ಸೆಂಟರ್. ಹಂಗೇರಿಯನ್ ಭಾಷೆಯಲ್ಲಿ ಈ ಜಾಗಕ್ಕೆ 'ಇರಾನ್ಯೀತೋ' ಅನ್ನುತ್ತಾರೆ. ದಾರಿ ತೋರಿಸುವವಳು ಅಂತ ಅರ್ಥ.

ಅನಿತಾ ಆಟ ಅಂದರೆ ಇದೇ. ತೋಳ್ಬಲದಿಂದ ಹತ್ತು ಮೀಟರ್ ದೂರದಿಂದ ಗುಂಡು ಹೊಡೆದ ಹಾಗೆ ಎಸೆಯುವ ಆಟಗಾರ್ತಿಯರು ಬೇರೆ ಇದ್ದಾರೆ. ಇವರದು ಕಾಲು ಮತ್ತು ಕಣ್ಣಿನ ಕೆಲಸ. ಎಡಕ್ಕೆ ಹೋಗುವ ಹಾಗೆ ಭುಜ ತೋರಿಸಿ ಬಲಕ್ಕೆ ನುಗ್ಗುವುದು. ಎಸೆಯಲು ಜಿಗಿದು, ಎದುರಾಳಿಯ ಇಬ್ಬರನ್ನು ತನ್ನ ಕಡೆ ಎಳೆದುಕೊಂಡು, ಕೊನೇ ಗಳಿಗೆಯಲ್ಲಿ ಕೈ ಕೆಳಗಿನಿಂದ ಚೆಂಡನ್ನು ಪಿವಟ್‌ಗೆ ಜಾರಿಸುವುದು. 2011ರಲ್ಲಿ ನಾರ್ವೆಯ ಹೈದಿ ಲೋಕೆ ಜ್ಯೋರ್‌ಗೆ ಪಿವಟ್ ಆಗಿ ಬಂದರು. ಆ ಜೋಡಿಯನ್ನು ನೋಡಿ. ಗೋಲು ಹಾಕಿದ ಲೋಕೆ ಕೈ ಎತ್ತಿ ಸಂಭ್ರಮಿಸುತ್ತಾರೆ, ಆದರೆ ಗೋಲು ಆಗಿಹೋಗಿದ್ದು ಅದಕ್ಕಿಂತ ಅರ್ಧ ಸೆಕೆಂಡ್ ಮುಂಚೆ, ಅನಿತಾ ಭುಜ ಅಲುಗಿದಾಗ. ಹಾಗಂತ ಸ್ವತಃ ಹೊಡೆಯುವುದರಲ್ಲಿ ಹಿಂದೆ ಬಿದ್ದವರಲ್ಲ. ಹಂಗೇರಿ ತಂಡಕ್ಕೇ 1100ಕ್ಕೂ ಹೆಚ್ಚು ಗೋಲು ಹೊಡೆದಿದ್ದಾರೆ. ಸೆವೆನ್ ಮೀಟರ್ ಎಸೆತಗಳೂ (ಫುಟ್‌ಬಾಲ್‌ನ ಪೆನಾಲ್ಟಿ ಇದ್ದ ಹಾಗೆ) ಬಹಳ ಸಲ ಅವರದೇ.

ಈಗ ದೇಶದ ಬದುಕು. ಇದರಲ್ಲಿ ಸಂಕಟ ಜಾಸ್ತಿ.

ಹಂಗೇರಿ ಮಹಿಳಾ ಹ್ಯಾಂಡ್‌ಬಾಲ್ ಸಾಮಾನ್ಯ ತಂಡವಲ್ಲ. 1965ರಲ್ಲೇ ವಿಶ್ವ ಚಾಂಪಿಯನ್ ಆಗಿದ್ದವರು. ಆದರೆ ಕೈಗೆ ಬಂದ ತುತ್ತು ಬಾಯಿಗೆ ಬಾರದ ಕತೆಗಳು ಅವರಲ್ಲಿ ಬೇಕಾದಷ್ಟಿವೆ. 2000ದ ಸಿಡ್ನಿ ಒಲಿಂಪಿಕ್ಸ್ ಫೈನಲ್‌ನಲ್ಲಿ ಡೆನ್ಮಾರ್ಕ್ ವಿರುದ್ಧ ಚೆನ್ನಾಗಿ ಮುಂದಿದ್ದು, ಕೊನೆಗೆ 27–31ರಲ್ಲಿ ಸೋತರು. ಆಗ ಅನಿತಾ ತಂಡದಲ್ಲಿರಲಿಲ್ಲ, ಹದಿನೇಳರ ಹುಡುಗಿ. ಅದೇ ವರ್ಷದ ಕೊನೆಗೆ ಹಂಗೇರಿ ಯುರೋಪಿಯನ್ ಚಾಂಪಿಯನ್ ಆಯಿತು. ಆಗಲೂ ಅನಿತಾ ಇರಲಿಲ್ಲ. ನೋಡಿ, ಮೂರು ವರ್ಷ ಮುಂಚೆ ಹುಟ್ಟಿದ್ದರೆ ನಿಮ್ಮ ಪ್ರಶ್ನೆಯೇ ಇರುತ್ತಿರಲಿಲ್ಲವೇನೋ!

ಅವರ ಪಾಲಿಗೆ ಬಂದದ್ದು 2003ರ ವಿಶ್ವ ಚಾಂಪಿಯನ್‌ಷಿಪ್, ಕ್ರೊಯೇಷಿಯಾದಲ್ಲಿ. ವಯಸ್ಸು ಇಪ್ಪತ್ತು. ಜಾಗ್ರೆಬ್‌ನಲ್ಲಿ ಫ್ರಾನ್ಸ್ ವಿರುದ್ಧ ಫೈನಲ್. ಆಟ ಮುಗಿಯುವ ಹಂತಕ್ಕೆ ಬಂದಾಗ ಹಂಗೇರಿ ಏಳು ಗೋಲು ಮುಂದಿತ್ತು. ಹ್ಯಾಂಡ್‌ಬಾಲ್‌ನಲ್ಲಿ ಆ ಹೊತ್ತಿಗೆ ಏಳು ಗೋಲು ಅಂದರೆ ಜನ ಎದ್ದು ಚಪ್ಪಲಿ ಹುಡುಕಲು ಶುರು ಮಾಡುತ್ತಾರೆ. ಫ್ರಾನ್ಸ್ ಒಂದೊಂದಾಗಿ ಎಲ್ಲವನ್ನೂ ತೀರಿಸಿತು. ಕಟ್ಟಕಡೆಗೆ ಒಂದು ಸೆವೆನ್ ಮೀಟರ್ ಎಸೆತದಲ್ಲಿ ಸಮ ಆಯಿತು. ಹೆಚ್ಚುವರಿ ಸಮಯದಲ್ಲಿ ಹಂಗೇರಿ 29–32ರಲ್ಲಿ ಸೋತಿತು. ಮುಂದೆ ಇದ್ದಾಗ ಆಟವನ್ನು ಹೇಗೆ ನಿಧಾನ ಮಾಡಬೇಕು, ಎದುರಾಳಿಯ ಉಸಿರು ಹೇಗೆ ಕಟ್ಟಬೇಕು, ಇದು ಕಲಿಯಲು ಅತಿ ಕಷ್ಟದ ವಿದ್ಯೆ. ಅದು ಸೆಂಟರ್ ಕೈಯಲ್ಲೇ ಇರುವುದು. ಇಪ್ಪತ್ತರ ಹುಡುಗಿಗೆ ಅದು ಗೊತ್ತಿರಬೇಕಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಹದಿನೈದು ವರ್ಷ ಆದ ಮೇಲೆ ಇದೇ ಹುಡುಗಿ ಏನು ಮಾಡಿದರು ಅನ್ನುವುದನ್ನು ಮುಂದೆ ಹೇಳುತ್ತೇನೆ, ಆಗ ಈ ಫೈನಲ್ ನೆನಪಿರಲಿ.

2004ರಲ್ಲಿ ತಮ್ಮದೇ ದೇಶದಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು. 2005ರಲ್ಲಿ ರಷ್ಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮತ್ತೆ ಕಂಚು. ಆ ವರ್ಷದ ವಿಶ್ವದ ಅತ್ಯುತ್ತಮ ಆಟಗಾರ್ತಿ ಎಂದು ಅಂತರರಾಷ್ಟ್ರೀಯ ಹ್ಯಾಂಡ್‌ಬಾಲ್ ಫೆಡರೇಷನ್ ಅವರನ್ನು ಆರಿಸಿತು. ವಯಸ್ಸು ಆಗಿನ್ನೂ ಇಪ್ಪತ್ತೆರಡು. ಅವರಿಗಿಂತ ಮೊದಲು ಹಂಗೇರಿಯಿಂದ ಈ ಮನ್ನಣೆ ಪಡೆದವರು ಎರ್ಜೆಬೆತ್ ಕೋಚಿಶ್, ಬೊಯಾನಾ ರಾದುಲೋವಿಚ್ ಮತ್ತು ಅನಿತಾ ಕುಲ್ಚಾರ್. ರಾದುಲೋವಿಚ್‌ಗೆ ಎರಡು ಸಲ ಬಂದಿತ್ತು. ಅಂಥವರ ಸಾಲು ಅದು.

ಆಮೇಲೆ 2008ರ ಬೀಜಿಂಗ್. ಕ್ವಾರ್ಟರ್ ಫೈನಲ್‌ನಲ್ಲಿ ರೊಮೇನಿಯಾವನ್ನು 34–30ರಿಂದ ಸೋಲಿಸಿದರು. ಸೆಮಿಫೈನಲ್‌ನಲ್ಲಿ ರಷ್ಯಾ ವಿರುದ್ಧ 20–22. ಎರಡೇ ಗೋಲು. ಕಂಚಿಗೆ ದಕ್ಷಿಣ ಕೊರಿಯಾ ಎದುರು ಆಡಿ 28–33ರಲ್ಲಿ ಸೋತು ನಾಲ್ಕನೇ ಸ್ಥಾನ. ಆ ಪಂದ್ಯದ ಕೊನೇ ನಿಮಿಷ ಹ್ಯಾಂಡ್‌ಬಾಲ್ ಜನರಿಗೆಲ್ಲ ಬಾಯಿಪಾಠ. ಗೆಲುವು ಖಾತ್ರಿಯಾದ ಮೇಲೆ ಕೊರಿಯಾದ ಕೋಚ್ ಟೈಮ್‌ಔಟ್ ತೆಗೆದುಕೊಂಡು, ಅದೇ ಕೊನೆಯ ಒಲಿಂಪಿಕ್ಸ್ ಆಗಿದ್ದ ಹಿರಿಯ ಆಟಗಾರ್ತಿಯರನ್ನು ಅಂಗಣಕ್ಕಿಳಿಸಿದರು. ಕಣ್ಣಲ್ಲಿ ನೀರು ಬರಿಸುವ ದೃಶ್ಯ, ನಿಜ. ಆದರೆ ಎದುರು ಬದಿಯಲ್ಲಿ ಹಂಗೇರಿಯವರು ಕಾದು ನಿಂತಿದ್ದರು. ಅವರಿಗೂ ಅದು ಒಲಿಂಪಿಕ್ಸೇ ಅಲ್ವಾ? ಅನಿತಾ ಅವರಿಗೆ ಆಗ ಇಪ್ಪತ್ತೈದು. ಮುಂದಿನ ಸಲ ನೋಡೋಣ ಅನ್ನುವ ವಯಸ್ಸು. ಮುಂದಿನ ಸಲ ಬರಲೇ ಇಲ್ಲ. 2012ರ ಲಂಡನ್‌ಗೆ ಹಂಗೇರಿ ಅರ್ಹತೆ ಪಡೆಯಲಿಲ್ಲ, 2016ರ ರಿಯೋಗೂ ಇಲ್ಲ. ಅವರ ಆಟದ ಅತ್ಯುತ್ತಮ ವರ್ಷಗಳಲ್ಲಿ ಒಲಿಂಪಿಕ್ಸ್ ಎರಡು ಸಲ ಅವರಿಲ್ಲದೆ ನಡೆದುಹೋಯಿತು.

2012ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಇನ್ನೊಂದು ಕಂಚು ಬಂತು. ದೇಶದ ಲೆಕ್ಕದಲ್ಲಿ ದೊಡ್ಡ ಪದಕಗಳು ಇಷ್ಟು: ಒಂದು ಬೆಳ್ಳಿ, ಮೂರು ಕಂಚು. ಇದರ ಮೇಲೇ ತೂಗಿದರೆ ನಿಮ್ಮ ಅನುಮಾನ ನ್ಯಾಯವಾದದ್ದೇ.

ಕ್ಲಬ್ಬಿನ ಬದುಕು ಶುರುವಿನಲ್ಲಿ ಇದಕ್ಕಿಂತ ಉತ್ತಮವಾಗೇನೂ ಇರಲಿಲ್ಲ. 2004 ಮತ್ತು 2005ರಲ್ಲಿ ಯುರೋಪಿನ ಎರಡನೇ ಸಾಲಿನ ಟೂರ್ನಿಯಾದ ಇಎಚ್‌ಎಫ್ ಕಪ್‌ನ ಫೈನಲ್‌ನಲ್ಲಿ ಜ್ಯೋರ್ ಸೋತಿತು. 2006ರಲ್ಲಿ ಯುರೋಪಿನ ಇನ್ನೊಂದು ಟೂರ್ನಿಯಾದ ಕಪ್ ವಿನ್ನರ್ಸ್ ಕಪ್‌ನ ಫೈನಲ್‌ನಲ್ಲಿ ಸೋತಿತು. ಹಂಗೇರಿಯ ಲೀಗ್ ಗೆಲ್ಲಲು ಶುರು ಮಾಡಿದ್ದು 2005ರಿಂದ. 2009ರಲ್ಲಿ ಮೊದಲ ಸಲ ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಫೈನಲ್ ತಲುಪಿ ಡೆನ್ಮಾರ್ಕಿನ ವಿಬೋರ್ಗ್‌ಗೆ ಸೋತರು. 2012ರದು ಇನ್ನೂ ಹೊಟ್ಟೆ ಉರಿಸುವಂಥದ್ದು. ಆಗ ಫೈನಲ್ ಎರಡು ಪಂದ್ಯಗಳದ್ದು, ಒಂದು ಇಲ್ಲಿ, ಒಂದು ಅಲ್ಲಿ. ಮೊಂಟೆನೆಗ್ರೊದ ಬುದುಚ್ನೊಸ್ತ್ ವಿರುದ್ಧ ತವರಿನ ಪಂದ್ಯವನ್ನು 29–27ರಲ್ಲಿ ಗೆದ್ದರು, ಅಲ್ಲಿ ಹೋಗಿ 25–27ರಲ್ಲಿ ಸೋತರು. ಎರಡೂ ಕೂಡಿಸಿದರೆ 54–54. ಹೊರಗಿನ ಅಂಗಣದಲ್ಲಿ ಜಾಸ್ತಿ ಗೋಲು ಹೊಡೆದವರಿಗೆ ಕಪ್ ಅನ್ನುವ ನಿಯಮ. ಬುದುಚ್ನೊಸ್ತ್ 27, ಜ್ಯೋರ್ 25. ಮುಗೀತು.

ಒಂದೇ ಕ್ಲಬ್ಬಿನಲ್ಲಿ ಯಾಕೆ ಉಳಿದರು ಅಂತ ಕೇಳಿದ್ದೀರಿ. ಈ ಹೊತ್ತಿನಲ್ಲಿ ನಿಂತು ಆ ಪ್ರಶ್ನೆ ಕೇಳಿದರೆ ಅದಕ್ಕೆ ಬೇರೆಯೇ ತೂಕ ಬರುತ್ತದೆ. ಇಪ್ಪತ್ತೆರಡಕ್ಕೇ ಜಗತ್ತಿನ ಅತ್ಯುತ್ತಮ ಎನಿಸಿಕೊಂಡವರು. ಡೆನ್ಮಾರ್ಕಿನಲ್ಲಿ, ನಾರ್ವೆಯಲ್ಲಿ ಆಗಲೇ ಕಪ್ ಗೆಲ್ಲುತ್ತಿದ್ದ ಕ್ಲಬ್ಬುಗಳಿದ್ದವು. ಅವರ ಮನಸ್ಸಿನೊಳಗೆ ಏನಿತ್ತು ಅಂತ ನಾನು ಹೇಳಲಾರೆ. ಆದರೆ ಹೊರಗಿನಿಂದ ಕಾಣುವುದು ಇಷ್ಟು: ಅವರು ಹೋಗಲಿಲ್ಲ, ಹೋಗಬೇಕಾದವರೆಲ್ಲ ಜ್ಯೋರ್‌ಗೆ ಬಂದರು. 2009ರಲ್ಲಿ ಬ್ರೆಜಿಲ್‌ನ ಎದುವಾರ್ದಾ ಅಮೊರಿಮ್. 2010ರಲ್ಲಿ ನಾರ್ವೆಯ ಗೋಲ್‌ಕೀಪರ್ ಕಾತ್ರಿನೆ ಲುಂಡೆ. ಆಮೇಲೆ ಲೋಕೆ, ಸೆರ್ಬಿಯಾದ ಆಂದ್ರಿಯಾ ಲೆಕಿಚ್. 2011ರ ವಿಶ್ವದ ಅತ್ಯುತ್ತಮ ಆಟಗಾರ್ತಿ ಲೋಕೆ, 2013ರದು ಲೆಕಿಚ್, 2014ರದು ಅಮೊರಿಮ್. ಮೂವರೂ ಅನಿತಾ ಜೊತೆ ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ ಬಟ್ಟೆ ಬದಲಿಸಿದವರು. 2012ರಲ್ಲಿ ಸ್ಪೇನಿನ ಕೋಚ್ ಅಂಬ್ರೋಸ್ ಮಾರ್ತೀನ್ ಬಂದರು.

ಇದೆಲ್ಲ ಬರೀ ಊರ ಪ್ರೀತಿಯಿಂದ ಆಯಿತು ಅಂತ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ. ದುಡ್ಡಿತ್ತು. ಆಡಿ ಬೆಂಬಲ ಇತ್ತು. ಜೊತೆಗೆ 2011ರಿಂದ ಹಂಗೇರಿ ಸರ್ಕಾರ ಒಂದು ವ್ಯವಸ್ಥೆ ತಂದಿತು. ಕಂಪನಿಗಳು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯ ಒಂದು ಪಾಲನ್ನು ಫುಟ್‌ಬಾಲ್, ಹ್ಯಾಂಡ್‌ಬಾಲ್, ಬಾಸ್ಕೆಟ್‌ಬಾಲ್, ವಾಟರ್ ಪೋಲೊ, ಐಸ್ ಹಾಕಿ ಕ್ಲಬ್ಬುಗಳ ಕಡೆ ತಿರುಗಿಸಬಹುದು. ಅದರ ಬಗ್ಗೆ ಅಲ್ಲೇ ಬೇಕಾದಷ್ಟು ಟೀಕೆ ಇದೆ. ಹಂಗೇರಿಯ ಆಟದ ಮೈದಾನಗಳಿಗೆ ಆ ವರ್ಷಗಳಲ್ಲಿ ಹಣ ಹರಿದು ಬಂದದ್ದಂತೂ ಹೌದು. ಪ್ರತಿಭೆ ಇದ್ದೂ ಕ್ಲಬ್ಬಿಗೆ ಗತಿಯಿಲ್ಲದ ಕಾರಣಕ್ಕೆ ಊರು ಬಿಡುವ ಆಟಗಾರ್ತಿಯರೇ ಜಗತ್ತಿನಲ್ಲಿ ಜಾಸ್ತಿ. ಅನಿತಾ ಅವರಿಗೆ ಆ ಒತ್ತಡ ಬರಲಿಲ್ಲ. ಅದು ಅದೃಷ್ಟ. ಆದರೆ ಹೊರಗಿನಿಂದ ಬಂದ ಅಷ್ಟು ದೊಡ್ಡ ಹೆಸರುಗಳನ್ನು ಒಂದು ದಾರಕ್ಕೆ ಪೋಣಿಸಿದ್ದು ಅದೃಷ್ಟವಲ್ಲ.

2013ರ ಮೇ ತಿಂಗಳಲ್ಲಿ ನಾರ್ವೆಯ ಲಾರ್ವಿಕ್ ತಂಡವನ್ನು ಸೋಲಿಸಿ ಜ್ಯೋರ್ ಮೊದಲ ಸಲ ಚಾಂಪಿಯನ್ಸ್ ಲೀಗ್ ಗೆದ್ದಿತು. ಮರುವರ್ಷದಿಂದ ಕೊನೆಯ ನಾಲ್ಕು ತಂಡಗಳು ಒಂದೇ ಊರಲ್ಲಿ, ಒಂದೇ ವಾರಾಂತ್ಯದಲ್ಲಿ ಆಡುವ 'ಫೈನಲ್ ಫೋರ್' ಬಂತು. ಬುಡಾಪೆಸ್ಟ್‌ನಲ್ಲಿ ನಡೆದ ಮೊದಲ ಫೈನಲ್ ಫೋರ್‌ನಲ್ಲಿ ಎದುರಾಳಿ ಮತ್ತೆ ಅದೇ ಬುದುಚ್ನೊಸ್ತ್. ಈ ಸಲ 27–21. ಎರಡು ವರ್ಷದ ಹಿಂದಿನ ಸಾಲ ಬಡ್ಡಿ ಸಮೇತ ತೀರಿತು.

2015ರಲ್ಲಿ ಅನಿತಾ ತಾಯಿಯಾದರು. ಆಗ ಮೂವತ್ತೆರಡು. ಅಷ್ಟೊತ್ತಿಗೆ ಎರಡು ಚಾಂಪಿಯನ್ಸ್ ಲೀಗ್, ಲೀಗ್ ಕಪ್ಪುಗಳ ರಾಶಿ, ವಿಶ್ವದ ಅತ್ಯುತ್ತಮ ಎಂಬ ಹೆಸರು, ಎಲ್ಲ ಇತ್ತು. ನಿಲ್ಲಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಮರಳಿ ಬಂದರು. ಅವರ ಐದು ಚಾಂಪಿಯನ್ಸ್ ಲೀಗ್‌ಗಳಲ್ಲಿ ಮೂರು ಗೆದ್ದಿದ್ದು ಇದಾದ ಮೇಲೆ.

ಆ ಮೂರನ್ನು ಸ್ವಲ್ಪ ನಿಧಾನವಾಗಿ ನೋಡಿ. 2017ರಲ್ಲಿ ಮ್ಯಾಸಿಡೋನಿಯಾದ ವಾರ್ದಾರ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 31–30. 2018ರಲ್ಲಿ ಅದೇ ವಾರ್ದಾರ್ ವಿರುದ್ಧ, ಮತ್ತೆ ಹೆಚ್ಚುವರಿ ಸಮಯದಲ್ಲಿ, 27–26. 2019ರಲ್ಲಿ ರಷ್ಯಾದ ರೋಸ್ತೋವ್-ದೋನ್ ವಿರುದ್ಧ 25–24. ಮೂರು ವರ್ಷ, ಮೂರು ಫೈನಲ್, ಮೂರಕ್ಕೂ ಒಂದೊಂದೇ ಗೋಲಿನ ಅಂತರ. 2003ರ ಆ ಏಳು ಗೋಲು ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ? ಏಳು ಗೋಲು ಕೈಯಲ್ಲಿದ್ದೂ ಉಳಿಸಿಕೊಳ್ಳಲಾಗದೆ ಸೋತ ತಂಡದಲ್ಲಿದ್ದವರು, ಒಂದೇ ಗೋಲಿನಲ್ಲಿ ಮೂರು ಕಪ್ ಉಳಿಸಿಕೊಂಡ ತಂಡದ ಹಿರಿಯಕ್ಕ ಆದರು. ನನ್ನ ಮಟ್ಟಿಗೆ ಅವರ ದೊಡ್ಡತನ ಇರುವುದು ಇಲ್ಲಿ. ಪದಕದ ಬಣ್ಣದಲ್ಲಿ ಇದನ್ನು ಹುಡುಕಿದರೆ ಸಿಗುವುದಿಲ್ಲ.

ಈ ವರ್ಷಗಳಲ್ಲಿ ಅವರೊಬ್ಬರೇ ಎಲ್ಲ ಮಾಡಿದರು ಅಂತ ತಿಳಿಯಬೇಡಿ. ಮೊದಲಿನ ಹಾಗೆ ಅರವತ್ತು ನಿಮಿಷವೂ ನಡುವಿನಲ್ಲೇ ನಿಲ್ಲುತ್ತಿರಲಿಲ್ಲ. ಡಚ್ ಆಟಗಾರ್ತಿ ನಿಕೆ ಗ್ರೋಟ್, ಆಮೇಲೆ ನಾರ್ವೆಯ ಸ್ಟೀನೆ ಒಫ್ಟೆದಾಲ್ ಸೆಂಟರ್ ಕೆಲಸ ಹೊತ್ತರು. ಅನಿತಾ ಎಡ ವಿಂಗ್‌ನಲ್ಲೂ ಆಡಿದರು. ಮೂವತ್ತೈದರಲ್ಲಿ ಮೂಲೆಗೆ ಹೋಗಿ ನಿಲ್ಲು ಅಂದರೆ ಎಷ್ಟು ಜನ ದೊಡ್ಡ ಹೆಸರಿನವರು ನಗುತ್ತಾ ಹೋಗುತ್ತಾರೆ ಹೇಳಿ? ಆದರೆ ವಿಂಗ್‌ನಲ್ಲಿ ನಿಂತರೂ ಆಡುತ್ತಿದ್ದುದು ಸೆಂಟರ್‌ನ ಕಣ್ಣೇ. ಯಾವ ಸಂದು ಯಾವಾಗ ತೆರೆಯುತ್ತದೆ ಅಂತ ಮೊದಲೇ ಗೊತ್ತಿದ್ದವರಿಗೆ ಓಟ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ.

ಕೊನೆ ಮಾತ್ರ ಸಿನಿಮಾದ ಹಾಗೆ ಆಗಲಿಲ್ಲ. 2020ರ ಫೈನಲ್ ಫೋರ್ ಕೋವಿಡ್‌ನಿಂದ ರದ್ದಾಯಿತು. 2021ರ ಮೇ ಕೊನೆಗೆ, ಚಾಂಪಿಯನ್ಸ್ ಲೀಗ್‌ನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಒಂದೂ ಪಂದ್ಯ ಸೋಲದೆ ಬಂದಿದ್ದ ಜ್ಯೋರ್, ಸೆಮಿಫೈನಲ್‌ನಲ್ಲಿ ಫ್ರಾನ್ಸಿನ ಬ್ರೆಸ್ಟ್ ತಂಡಕ್ಕೆ ಸೆವೆನ್ ಮೀಟರ್ ಎಸೆತಗಳಲ್ಲಿ ಸೋತಿತು. ಮತ್ತೆ ಫ್ರಾನ್ಸ್, ಮತ್ತೆ ಆ ಏಳು ಮೀಟರಿನ ಗೆರೆ! ಮರುದಿನ ಮೂರನೇ ಸ್ಥಾನದ ಪಂದ್ಯ ಗೆದ್ದರು. ಅದೇ ವರ್ಷ ಅನಿತಾ ಆಟ ನಿಲ್ಲಿಸಿದರು. ಹಂಗೇರಿಯ ಲೀಗ್ ಕಪ್ಪುಗಳು ಅವರ ಲೆಕ್ಕದಲ್ಲಿ 13. ಆಮೇಲೆ ಅದೇ ಕ್ಲಬ್ಬಿನ ಅಧ್ಯಕ್ಷೆಯಾದರು. 2024ರಲ್ಲಿ ಮತ್ತು 2025ರಲ್ಲಿ ಜ್ಯೋರ್ ಮತ್ತೆ ಚಾಂಪಿಯನ್ಸ್ ಲೀಗ್ ಗೆದ್ದಾಗ ಅವರು ಕೂತಿದ್ದು ಆ ಕುರ್ಚಿಯಲ್ಲಿ.

ಈಗ ನಿಮ್ಮ ಮಗಳ ವಿಷಯ.

ನಾನೂ ಒಂದು ಕಾಲದಲ್ಲಿ ಆ ಮೇಷ್ಟ್ರ ತಪ್ಪನ್ನೇ ಮಾಡಿದ್ದೇನೆ. ಒಂದು ಶಾಲೆಯ ತಂಡಕ್ಕೆ ಕೋಚಿಂಗ್ ಕೊಡುತ್ತಿದ್ದಾಗ, ಒಳ್ಳೆ ಓಟ ಇದ್ದ ಒಬ್ಬ ಸೆಂಟರ್ ಹುಡುಗಿಯನ್ನು ವಿಂಗ್‌ಗೆ ಹಾಕಿದೆ. ಅವಳ ಗೋಲು ಹೆಚ್ಚಾಯಿತು. ತಂಡದ ಗೋಲು ಕಡಿಮೆಯಾಯಿತು. ಯಾಕೆ ಅಂತ ಅರ್ಥ ಆಗಲು ನನಗೆ ಒಂದು ಇಡೀ ಸೀಸನ್ ಬೇಕಾಯಿತು. ಉಳಿದ ಐದು ಹುಡುಗಿಯರಿಗೆ ಅವಳು ಮಾಡಿಕೊಡುತ್ತಿದ್ದ ಜಾಗ ನನ್ನ ಸ್ಕೋರ್ ಹಾಳೆಯಲ್ಲಿ ಇರಲೇ ಇಲ್ಲ. ಹಾಗಾಗಿ ಎರಡು ಮೂರು ಗೋಲು ಅಂತ ಮುಖ ಸಣ್ಣ ಮಾಡಿಕೊಳ್ಳಬೇಡಿ. ಮುಂದಿನ ಮ್ಯಾಚಿಗೆ ನೀವೇ ಒಂದು ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಗೋಲಿಗೆ ಮುಂಚಿನ ಪಾಸ್ ಯಾರದು ಅಂತ ಬರೆಯಿರಿ. ಸಾಧ್ಯವಾದರೆ ಅದಕ್ಕೂ ಹಿಂದಿನ ಪಾಸ್ ಬರೆಯಿರಿ. ಸೆವೆನ್ ಮೀಟರ್ ಸಿಕ್ಕಿದ್ದು ಯಾರನ್ನು ಎಳೆದಿದ್ದಕ್ಕೆ, ಎದುರಾಳಿಗೆ ಟು ಮಿನಿಟ್ಸ್ (ಎರಡು ನಿಮಿಷ ಹೊರಗೆ ಕೂರುವ ಶಿಕ್ಷೆ) ಸಿಕ್ಕಿದ್ದು ಯಾರನ್ನು ತಡೆದಿದ್ದಕ್ಕೆ, ಅದನ್ನೂ ಬರೆಯಿರಿ. ನಾಲ್ಕು ಮ್ಯಾಚಿನ ಲೆಕ್ಕ ಹಿಡಿದು ಮೇಷ್ಟ್ರ ಹತ್ತಿರ ಹೋಗಿ ಕೂತು ಮಾತಾಡಿ. ವಾದ ಮಾಡಬೇಡಿ, ತೋರಿಸಿ. ಅವಳ ಹೆಸರು ಆ ಪುಟಗಳಲ್ಲಿ ಅಲ್ಲೊಂದು ಇಲ್ಲೊಂದು ಅಷ್ಟೇ ಕಂಡರೆ, ಮೇಷ್ಟ್ರು ಹೇಳಿದ್ದೇ ಸರಿ ಇರಬಹುದು. ವಿಂಗ್ ಕೂಡ ಕೀಳಾದ ಜಾಗವೇನಲ್ಲ. ವಾರದಲ್ಲಿ ಒಂದು ದಿನ ಪ್ರಾಕ್ಟೀಸಿನಲ್ಲಿ ವಿಂಗ್ ಆಡಿಸಿದರೆ ಒಳ್ಳೆಯದೇ, ಎರಡೂ ಗೊತ್ತಿರಲಿ.

ಮೊಬೈಲಿನಲ್ಲಿ ನೋಡುವ ವಿಡಿಯೊ ಬಗ್ಗೆಯೂ ಒಂದು ಮಾತು. ಗೋಲುಗಳನ್ನು ಮಾತ್ರ ಕತ್ತರಿಸಿ ಅಂಟಿಸಿದ ವಿಡಿಯೊಗಳಿಂದ ಸೆಂಟರ್ ಆಟ ಕಲಿಯಲು ಆಗುವುದಿಲ್ಲ. ಅದರಲ್ಲಿ ಕೊನೇ ಕೈ ಮಾತ್ರ ಕಾಣುತ್ತದೆ. 2018ರ ಫೈನಲ್ ಪೂರ್ತಿ ಸಿಕ್ಕರೆ ಪೂರ್ತಿ ನೋಡಲಿ. ಮೊದಲ ಸಲ ಸುಮ್ನೆ ನೋಡಲಿ. ಎರಡನೇ ಸಲ ಚೆಂಡನ್ನು ಬಿಟ್ಟು, ಜ್ಯೋರ್‌ನ ನಡುವಿನ ಆಟಗಾರ್ತಿಯ ಕಾಲು ಮಾತ್ರ ನೋಡಲಿ. ಚೆಂಡು ಬರುವ ಮುಂಚೆ ಅವಳು ಓಡಲು ಶುರು ಮಾಡಿರುತ್ತಾಳಾ, ಬಂದ ಮೇಲೆ ಶುರು ಮಾಡುತ್ತಾಳಾ? ಇದೊಂದು ಕಣ್ಣಿಗೆ ಬಿದ್ದರೆ ಸಾಕು, ಮೂರು ತಿಂಗಳ ಕೋಚಿಂಗ್ ಆದ ಹಾಗೆ.

ಉಳಿದದ್ದು 13. ನಿಮ್ಮ ಅತ್ತೆಯವರ ಮನಸ್ಸು ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಹದಿಮೂರನೇ ದಿನ ಅಂದರೆ ಏನು ನೆನಪಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಯುರೋಪಿನವರಿಗೂ ಆ ಸಂಖ್ಯೆ ಕಂಡರೆ ಭಯವೇ, ಕಾರಣ ಬೇರೆ ಅಷ್ಟೆ. ಅತ್ತೆಗೆ ಇದನ್ನು ಹೇಳಿ ನೋಡಿ: ಅನಿತಾ ಹುಟ್ಟಿದ್ದು 13ನೇ ತಾರೀಖು, ಹಾಕಿದ್ದು 13ನೇ ನಂಬರು, 2018ರ ಆ ಫೈನಲ್ ನಡೆದದ್ದು ಮೇ 13ರಂದು, ಅವರ ಮೂವತ್ತೈದನೇ ಹುಟ್ಟುಹಬ್ಬದ ದಿನ. ಗೆದ್ದದ್ದು ಒಂದೇ ಗೋಲಿನಿಂದ. ಆಟ ನಿಲ್ಲಿಸಿದ ಮೇಲೆ ಜ್ಯೋರ್ ಕ್ಲಬ್ಬಿನವರು 13ನೇ ನಂಬರನ್ನು ಬೇರೆ ಯಾರಿಗೂ ಕೊಡದೆ ಎತ್ತಿಟ್ಟರು. ಅಲ್ಲಿ ಕೇಳಿದರೂ ಸಿಗುವುದಿಲ್ಲ. ನಿಮ್ಮ ಶಾಲೆಯ ಬೀರುವಿನಲ್ಲಿ ಒಂದು ಸುಮ್ನೆ ಮಡಚಿ ಬಿದ್ದಿದ್ದರೆ, ಬೇರೆ ಹುಡುಗಿ ಕೇಳುವ ಮುಂಚೆ ಇಸಿದುಕೊಳ್ಳಿ.